ಮೈಸೂರಿಗೆ ಮೊದಲು ಯಾರು ಹೋಗಬೇಕು? ಕರುಳಿನ ಕ್ಯಾನ್ಸರ್ ಮತ್ತು ಒಂದು ಮಲ ಪರೀಕ್ಷೆ

ಕೊಡಗಿನ ಗೋಣಿಕೊಪ್ಪಲಿನಲ್ಲಿ ಕಾಫಿ ಬೆಳೆಗಾರರು, ಆಶಾ ಕಾರ್ಯಕರ್ತೆಯರು ಮತ್ತು ನಿವೃತ್ತ ಸೈನಿಕರು ಸೇರಿದ್ದ ಸಭೆಯಲ್ಲಿ ವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ.

ಇವತ್ತಿನ ಮಾತು ಮಲದ ಬಗ್ಗೆ. ಊಟಕ್ಕೆ ಮುಂಚೆ ಈ ವಿಷಯ ಇಟ್ಟಿದ್ದಾರೆ, ಅದಕ್ಕೆ ನಾನು ಹೊಣೆಯಲ್ಲ. ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿರುವವರು ಧಾರಾಳವಾಗಿ ನಗಿ. ಈ ನಾಚಿಕೆಯೇ ನಮ್ಮ ಅರ್ಧ ಸಮಸ್ಯೆ. ಎದೆನೋವು ಬಂದರೆ ರಾತ್ರಿ ಹನ್ನೊಂದಕ್ಕೂ ಫೋನ್ ಮಾಡುತ್ತೀರಿ. ಮಲದಲ್ಲಿ ರಕ್ತ ಕಂಡರೆ ಆರು ತಿಂಗಳು ಹೆಂಡತಿಗೂ ಹೇಳುವುದಿಲ್ಲ.

ಮೊದಲು ತೊಡಕು ಏನು ಅಂತ ಹೇಳುತ್ತೇನೆ. ಹೊಟ್ಟೆಯ ತೊಂದರೆ ಇರುವವರು ಬಹಳ ಜನ. ಕರುಳಿನ ಕ್ಯಾನ್ಸರ್ ಇರುವವರು ಕಡಿಮೆ ಜನ. ಆದರೆ ಇಬ್ಬರೂ ಡಾಕ್ಟರ ಮುಂದೆ ಕೂತು ಹೇಳುವುದು ಒಂದೇ ಮಾತು. "ಮೋಷನ್ ಮೊದಲಿನ ಹಾಗೆ ಹೋಗ್ತಿಲ್ಲ, ಹೊಟ್ಟೆ ಹಿಡ್ಕೊಳ್ಳುತ್ತೆ, ಸ್ವಲ್ಪ ರಕ್ತ ಕಾಣುತ್ತೆ, ತುಂಬಾ ಸುಸ್ತು." ಇವರಲ್ಲಿ ಯಾರಿಗೆ ಗ್ಯಾಸ್, ಯಾರಿಗೆ ಮೂಲವ್ಯಾಧಿ, ಯಾರಿಗೆ ಗಡ್ಡೆ ಅಂತ ಮುಖ ನೋಡಿ ಹೇಳುವುದು ಯಾರಿಗೂ ಆಗುವುದಿಲ್ಲ. ಮೂವತ್ತು ವರ್ಷ ಅನುಭವ ಇದ್ದವರಿಗೂ ಆಗುವುದಿಲ್ಲ.

ಸರಿಯಾದ ಉತ್ತರ ಸಿಗುವುದು ಕೊಲೊನೋಸ್ಕೋಪಿಯಿಂದ. ಬೆರಳು ದಪ್ಪದ, ಬಗ್ಗುವ ಕೊಳವೆಯನ್ನು ಹಿಂಬದಿಯಿಂದ ಒಳಗೆ ಬಿಟ್ಟು, ತುದಿಯಲ್ಲಿರುವ ಕ್ಯಾಮೆರಾದಲ್ಲಿ ದೊಡ್ಡ ಕರುಳನ್ನು ಪೂರ್ತಿ ನೋಡುತ್ತಾರೆ. ಅನುಮಾನದ ಗಂಟು ಕಂಡರೆ ಅಲ್ಲೇ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಚಿಕ್ಕ ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆದ ಗಂಟು, ಇದ್ದರೆ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ. ಪಾಲಿಪ್ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದ ಹತ್ತಿರ ಬೇಕು. ಹಾಗಾಗಿ ಪಾಲಿಪ್ ತೆಗೆದರೆ ಮುಂದೆ ಬರಬಹುದಾದ ಕಾಯಿಲೆಯನ್ನೇ ತೆಗೆದ ಹಾಗೆ.

ಹಾಗಾದರೆ ಎಲ್ಲರಿಗೂ ಅದನ್ನೇ ಮಾಡಿಬಿಡಿ ಅಂತೀರಿ. ಪೊನ್ನಂಪೇಟೆ ಕಡೆಯ ಒಬ್ಬ ಅಜ್ಜನಿಗೆ ಇದು ಏನು ಅಂತ ಸ್ವಲ್ಪ ಯೋಚಿಸಿ. ಹಿಂದಿನ ದಿನ ಅನ್ನ ಇಲ್ಲ. ಎಳನೀರು, ಸೋಸಿದ ಸೂಪು, ಅಷ್ಟೇ. ಆಮೇಲೆ ಲೀಟರುಗಟ್ಟಲೆ ಔಷಧದ ನೀರು ಕುಡಿದು ಕರುಳು ಪೂರ್ತಿ ತೊಳೆದು ಹೋಗಬೇಕು. ಮಲ ಉಳಿದರೆ ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ಈ ಔಷಧ ಕುಡಿದು ಬೆಳಗ್ಗೆ ಪರೀಕ್ಷೆಗೆ ಅಂತ ಮೈಸೂರಿನ ಬಸ್ಸು ಹತ್ತಿದರೆ ಗತಿ ಏನು? ತಿತಿಮತಿ ದಾಟಿದರೆ ಆನೆಚೌಕೂರು ಕಾಡು. ಅಲ್ಲಿ ಬಸ್ಸು ನಿಲ್ಲಿಸಿ ಇಳಿಯುವುದು ನಿಮಗೂ ಬೇಡ, ಆನೆಗೂ ಬೇಡ. ಹಾಗಾಗಿ ಹಿಂದಿನ ದಿನವೇ ಹೋಗಿ ಅಲ್ಲೇ ಉಳಿಯಬೇಕು. ಜೊತೆಗೆ ಒಬ್ಬರು ಬೇಕು, ಯಾಕೆಂದರೆ ಮಂಪರಿನ ಇಂಜೆಕ್ಷನ್ ಕೊಡುತ್ತಾರೆ. ಎರಡು ದಿನದ ಕೂಲಿ, ರೂಮು, ಕಾರು ಬಾಡಿಗೆ, ಪರೀಕ್ಷೆಯ ದುಡ್ಡು. ಕರುಳಿಗೆ ತೂತಾಗುವ ಅಪಾಯವೂ ಇದೆ. ಸಾವಿರಕ್ಕೆ ಒಂದರ ಆಸುಪಾಸು, ಬಹಳ ಕಡಿಮೆ, ಆದರೆ ಸೊನ್ನೆ ಅಲ್ಲ.

ಮಂಗಳೂರಿಗೆ ಹೋಗೋಣ ಅಂದರೆ ಸಂಪಾಜೆ ಘಾಟಿ. 2018ರ ಆಗಸ್ಟಿನ ಭೂಕುಸಿತದಲ್ಲಿ ಆ ರಸ್ತೆ ಏನಾಯಿತು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ.

ಅಂದರೆ ಹೊಟ್ಟೆನೋವು ಅಂದವರನ್ನೆಲ್ಲಾ ಕಳಿಸುವುದಕ್ಕೆ ಆಗುವುದಿಲ್ಲ. ಯಾರನ್ನೂ ಕಳಿಸದೆ "ಗ್ಯಾಸ್ ಮಾತ್ರೆ ತಗೊಳ್ಳಿ" ಅನ್ನುವುದಕ್ಕೂ ಆಗುವುದಿಲ್ಲ. ಯಾರು ಮೊದಲು ಹೋಗಬೇಕು, ಯಾರು ಸ್ವಲ್ಪ ಕಾಯಬಹುದು, ಇದನ್ನು ಇಲ್ಲೇ ಊರಲ್ಲೇ ತೀರ್ಮಾನಿಸುವ ಒಂದು ದಾರಿ ಬೇಕು. ಅದಕ್ಕೆ ಇರುವುದು ಈ ಮಲ ಪರೀಕ್ಷೆ. ಇದು ಕ್ಯಾನ್ಸರ್ ಪರೀಕ್ಷೆ ಅಲ್ಲ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಎಷ್ಟಿದೆ ಅಂತ ಹೇಳುತ್ತದೆ, ಅಷ್ಟೇ. ಉಳಿದ ಲೆಕ್ಕ ನಾವು ಮಾಡಿಕೊಳ್ಳಬೇಕು.

ಇದರ ಹಳೆಯ ರೂಪ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಗ್ವಾಯಾಕ್ ಅನ್ನುವ ಮರದ ಅಂಟು ಹಚ್ಚಿದ ಕಾಗದದ ಮೇಲೆ ಮಲ ಸವರಿ, ಹೈಡ್ರೋಜನ್ ಪೆರಾಕ್ಸೈಡ್ ಹನಿಸುತ್ತಿದ್ದರು. ರಕ್ತ ಇದ್ದರೆ ನೀಲಿ ಬಣ್ಣ. ಸರಳ, ಅಗ್ಗ, ಮತ್ತು ಕೆಲಸ ಮಾಡಿತು. ಅಮೆರಿಕದ ಮಿನ್ನೆಸೋಟಾದಲ್ಲಿ 46,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1993ರಲ್ಲಿ ಹೊರಬಂತು. ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿ, ನೀಲಿ ಬಂದವರಿಗೆ ಕೊಲೊನೋಸ್ಕೋಪಿ ಮಾಡಿದ ಗುಂಪಿನಲ್ಲಿ ಕರುಳಿನ ಕ್ಯಾನ್ಸರಿನಿಂದ ಸಾಯುವವರು ಮೂರರಲ್ಲಿ ಒಂದು ಪಾಲು ಕಡಿಮೆಯಾಗಿದ್ದರು.

ಆದರೆ ಆ ಕಾಗದಕ್ಕೆ ಒಂದು ದೋಷ. ರಕ್ತ ಯಾರದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಮಾಂಸದಲ್ಲಿರುವ ರಕ್ತಕ್ಕೂ ನೀಲಿ ಬರಬಹುದು. ಹಸಿ ಮೂಲಂಗಿಗೂ ಬರಬಹುದು. ವಿಟಮಿನ್ ಸಿ ಮಾತ್ರೆ ಜಾಸ್ತಿ ನುಂಗಿದ್ದರೆ ರಕ್ತ ಇದ್ದರೂ ಬರದೇ ಹೋಗಬಹುದು. ಅದಕ್ಕೇ ಮೂರು ದಿನ ಪಥ್ಯ ಮಾಡಿ ಅಂತಿದ್ದರು. ಕೈಲ್ ಮುಹೂರ್ತ ಹಬ್ಬದ ವಾರದಲ್ಲಿ ಕೊಡಗಿನವರಿಗೆ ಮೂರು ದಿನ ಪಂದಿ ಕರಿ ಬೇಡ ಅಂತ ಹೇಳುವ ಧೈರ್ಯ ಯಾವ ಡಾಕ್ಟರಿಗಿದೆ? ಹೇಳಿದರೂ ಕೇಳುವವರು ಯಾರು?

ಈಗ ಬಂದಿರುವುದು ಫೀಕಲ್ ಇಮ್ಯುನೋಕೆಮಿಕಲ್ ಟೆಸ್ಟ್, ಚಿಕ್ಕದಾಗಿ ಫಿಟ್. ಇದರಲ್ಲಿ ಬಳಸುವ ಆಂಟಿಬಾಡಿ ಮನುಷ್ಯರ ಹಿಮೋಗ್ಲೋಬಿನ್ನಿನಲ್ಲಿರುವ ಗ್ಲೋಬಿನ್ ಎಂಬ ಪ್ರೋಟೀನನ್ನು ಮಾತ್ರ ಹಿಡಿಯುತ್ತದೆ. ಹಂದಿಯದ್ದು ಹಿಡಿಯುವುದಿಲ್ಲ, ಕುರಿಯದ್ದು ಹಿಡಿಯುವುದಿಲ್ಲ. ಹಾಗಾಗಿ ಪಥ್ಯ ಇಲ್ಲ. ಕಡಂಬುಟ್ಟು, ಪಂದಿ ಕರಿ ತಿಂದ ಮರುದಿನವೂ ಮಾಡಬಹುದು. ಕಬ್ಬಿಣದ ಮಾತ್ರೆ ತಗೊಂಡು ಮಲ ಕಪ್ಪಾಗಿದ್ದರೂ ತೊಂದರೆ ಇಲ್ಲ.

ಇನ್ನೊಂದು ಅನುಕೂಲ. ಹೊಟ್ಟೆಯ ಹುಣ್ಣಿನಿಂದ ಒಸರಿದ ರಕ್ತ ಸಣ್ಣ ಕರುಳು ದಾಟಿ ಬರುವುದರೊಳಗೆ ಅದರ ಗ್ಲೋಬಿನ್ ಜೀರ್ಣವಾಗಿ ಹೋಗಿರುತ್ತದೆ. ಹಾಗಾಗಿ ಫಿಟ್‌ನಲ್ಲಿ ಕಾಣುವುದು ಹೆಚ್ಚಾಗಿ ದೊಡ್ಡ ಕರುಳಿನ ರಕ್ತ. ನಮಗೆ ಬೇಕಾಗಿರುವುದೂ ಅದೇ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯ ಮಲ ಹೋಗುತ್ತಿದ್ದರೆ ಅದು ಮೇಲಿನ ರಕ್ತಸ್ರಾವ ಇರಬಹುದು. ಅದಕ್ಕೆ ಫಿಟ್ ಮಾಡುತ್ತಾ ಕೂರಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಈಗ ಇವತ್ತಿನ ಮುಖ್ಯ ವಿಷಯಕ್ಕೆ ಬರುತ್ತೇನೆ. ಫಿಟ್‌ನ ನಿಜವಾದ ಬೆಲೆ ಇರುವುದು ಅದು ಕೊಡುವ ಸಂಖ್ಯೆಯಲ್ಲಿ.

ನೀವು ಬೆಳೆಗಾರರು. ಮಾರ್ಚಿನಲ್ಲಿ ಹೂಮಳೆಯ ಸಮಯ. ಪಕ್ಕದ ತೋಟದವರು ಫೋನ್ ಮಾಡಿದರೆ "ಮಳೆ ಬಂತಾ" ಅಂತ ಕೇಳಿ ಸುಮ್ಮನಾಗುತ್ತೀರಾ? "ಎಷ್ಟು ಸೆಂಟ್ಸ್" ಅಂತ ಕೇಳುತ್ತೀರಿ. ನೂರು ಸೆಂಟ್ಸ್ ಅಂದರೆ ಒಂದು ಇಂಚು ಮಳೆ. ಹತ್ತು ಸೆಂಟ್ಸ್ ಬಿದ್ದರೂ ಮಳೆಯೇ, ಒಂದು ಇಂಚು ಬಿದ್ದರೂ ಮಳೆಯೇ. ಆದರೆ ರೊಬಸ್ಟಾ ಹೂವಿಗೆ ಎರಡೂ ಒಂದೇ ಅಲ್ಲ, ಅಲ್ವಾ? ಮಲದ ರಕ್ತವೂ ಹಾಗೇ. ಇದೆಯೋ ಇಲ್ಲವೋ ಅನ್ನುವುದು ಅರ್ಧ ಸುದ್ದಿ. ಎಷ್ಟಿದೆ ಅನ್ನುವುದರ ಮೇಲೆ ತೀರ್ಮಾನ ನಿಂತಿದೆ.

ಒಂದು ಗ್ರಾಂ ಮಲದಲ್ಲಿ ಎಷ್ಟು ಮೈಕ್ರೋಗ್ರಾಂ ಹಿಮೋಗ್ಲೋಬಿನ್ ಇದೆ ಅಂತ ಯಂತ್ರ ಅಳೆಯುತ್ತದೆ. ಇಂಗ್ಲೆಂಡಿನಲ್ಲಿ ನೈಸ್ ಅನ್ನುವ ಸಂಸ್ಥೆ ಇದೆ. ಯಾವ ಚಿಕಿತ್ಸೆ, ಯಾವ ಪರೀಕ್ಷೆ ಯಾರಿಗೆ ಅಂತ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಿಗೆ ಸಲಹೆ ಕೊಡುವ ಸಂಸ್ಥೆ. ಅವರು 2023ರ ಆಗಸ್ಟಿನಲ್ಲಿ ಹೇಳಿದ್ದು ಇಷ್ಟು. ಕರುಳಿನ ಕ್ಯಾನ್ಸರ್ ಇರಬಹುದು ಅನ್ನಿಸುವ ಲಕ್ಷಣ ಇರುವ ದೊಡ್ಡವರಿಗೆ ಮೊದಲು ಫಿಟ್ ಮಾಡಿ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬೇಗ ಕ್ಯಾನ್ಸರ್ ತಪಾಸಣೆಗೆ ಕಳಿಸಿ. ಕೋವಿಡ್ ಸಮಯದಲ್ಲಿ ಕೊಲೊನೋಸ್ಕೋಪಿ ಕೋಣೆಗಳೇ ಮುಚ್ಚಿಹೋದಾಗ ಅಲ್ಲಿನ ಡಾಕ್ಟರುಗಳು ಅನಿವಾರ್ಯವಾಗಿ ಈ ದಾರಿ ಹಿಡಿದಿದ್ದರು. ಆಮೇಲೆ ಅದೇ ಪದ್ಧತಿಯಾಯಿತು. ಅವರಿಗೆ ಎರಡು ವರ್ಷ ಇದ್ದ ಬರ ನಮ್ಮ ಜಿಲ್ಲೆಗೆ ಯಾವಾಗಲೂ ಇದೆ. ಅದಕ್ಕೇ ಈ ಲೆಕ್ಕ ನಮಗೆ ಅವರಿಗಿಂತ ಜಾಸ್ತಿ ಬೇಕು ಅನ್ನುವುದು ನನ್ನ ವಾದ.

10 ಮೈಕ್ರೋಗ್ರಾಂ ಅಂದರೆ ಎಷ್ಟು? ಒಂದು ಸಣ್ಣ ಲೆಕ್ಕ ಹಾಕೋಣ. ಒಬ್ಬರು ಒಂದು ದಿನಕ್ಕೆ 150 ಗ್ರಾಂ ಮಲ ಹೋಗುತ್ತಾರೆ ಅಂತಿಟ್ಟುಕೊಳ್ಳಿ. ಅಷ್ಟೂ ಮಲದಲ್ಲಿ ಒಟ್ಟು ಒಂದು ಹನಿ ರಕ್ತದ ಐದನೇ ಒಂದು ಭಾಗ ಬೆರೆತಿದ್ದರೆ ಸಾಕು, ಸಂಖ್ಯೆ 10ಕ್ಕೆ ಬರುತ್ತದೆ. ಕಣ್ಣಿಗೆ ಕಾಣುವ ಮಾತೇ ಇಲ್ಲ. "ನಂಗೆ ರಕ್ತ ಏನೂ ಹೋಗ್ತಿಲ್ಲ ಡಾಕ್ಟ್ರೇ" ಅಂತ ನೀವು ಹೇಳುವುದು ಸುಳ್ಳಲ್ಲ. ಸುಮ್ನೆ ಕಾಣುವುದಿಲ್ಲ, ಅಷ್ಟೇ.

ಈ 10 ಅನ್ನುವ ಗೆರೆ ಎಷ್ಟು ನಂಬಿಕೆಯದ್ದು? ಇಂಗ್ಲೆಂಡಿನ 50 ಆಸ್ಪತ್ರೆಗಳಲ್ಲಿ, ಲಕ್ಷಣ ಇದ್ದು ತುರ್ತು ತಪಾಸಣೆಗೆ ಬಂದ 9,822 ಜನರ ಮಲ ಪರೀಕ್ಷೆಯನ್ನೂ ಕೊಲೊನೋಸ್ಕೋಪಿಯನ್ನೂ ಹೋಲಿಸಿ ನೋಡಿದ ಒಂದು ದೊಡ್ಡ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅದನ್ನು ಸಾವಿರ ಜನರ ಲೆಕ್ಕಕ್ಕೆ ಇಳಿಸಿ ಹೇಳುತ್ತೇನೆ. ಇಂಥ ಸಾವಿರ ಜನರಲ್ಲಿ 33 ಜನರಿಗೆ ಕ್ಯಾನ್ಸರ್ ಇತ್ತು. 10ರ ಗೆರೆ ಹಾಕಿದರೆ ಸುಮಾರು 190 ಜನರಿಗೆ ಪಾಸಿಟಿವ್. ಆ 190ರಲ್ಲಿ 30 ಕ್ಯಾನ್ಸರ್ ಸಿಕ್ಕಿತು. ಉಳಿದ 810 ಜನ ನೆಗೆಟಿವ್. ಅವರಲ್ಲಿ 3 ಜನರಿಗೆ ಕ್ಯಾನ್ಸರ್ ಇತ್ತು, ಪರೀಕ್ಷೆಗೆ ಸಿಗಲಿಲ್ಲ.

ಈ ಲೆಕ್ಕವನ್ನು ಎರಡು ಕಡೆಯಿಂದ ನೋಡಬೇಕು. ಪಾಸಿಟಿವ್ ಬಂತು ಅಂದ ಕೂಡಲೇ ಮನೆಯಲ್ಲಿ ಅಳು ಶುರುವಾಗುತ್ತದೆ. ಬೇಡ. ಪಾಸಿಟಿವ್ ಬಂದ ನೂರರಲ್ಲಿ 84 ಜನರಿಗೆ ಕ್ಯಾನ್ಸರ್ ಇರಲಿಲ್ಲ. ಪಾಲಿಪ್ ಇರಬಹುದು, ಕರುಳಿನ ಉರಿಯೂತ ಇರಬಹುದು, ಮೂಲವ್ಯಾಧಿ ಇರಬಹುದು, ನಮ್ಮ ಕಡೆ ಆಮಶಂಕೆ, ಕರುಳಿನ ಕ್ಷಯವೂ ಇರಬಹುದು. ಕೆಲವರಲ್ಲಿ ಏನೂ ಸಿಗುವುದಿಲ್ಲ. ಕಾಯಿಲೆ ಕಡಿಮೆ ಇರುವ ಊರಲ್ಲಿ ಪಾಸಿಟಿವ್ ಬಂದವರಲ್ಲಿ ಕ್ಯಾನ್ಸರ್ ಸಿಗುವ ಪಾಲು ಇನ್ನೂ ಕೆಳಗಿಳಿಯುತ್ತದೆ. ಭಾರತದಲ್ಲಿ ಈ ಕ್ಯಾನ್ಸರ್ ಪಶ್ಚಿಮದ ದೇಶಗಳಿಗಿಂತ ಕಡಿಮೆ. ಅದನ್ನೂ ನೆನಪಿಡಿ.

ಆದರೆ ಪಾಸಿಟಿವ್ ಬಂದವರು ಮೈಸೂರಿಗೆ ಹೋಗಲೇಬೇಕು. ಅದರಲ್ಲಿ ಚರ್ಚೆ ಇಲ್ಲ. ಸಂಖ್ಯೆ ದೊಡ್ಡದಾದಷ್ಟೂ ಬೇಗ ಹೋಗಬೇಕು. ಅದೇ ಅಧ್ಯಯನದಲ್ಲಿ 150 ಮತ್ತು ಮೇಲೆ ಬಂದವರಲ್ಲಿ ನೂರಕ್ಕೆ 31 ಜನರಿಗೆ ಕ್ಯಾನ್ಸರ್ ಸಿಕ್ಕಿತ್ತು. 2ಕ್ಕಿಂತ ಕೆಳಗೆ ಬಂದವರಲ್ಲಿ ಸಾವಿರಕ್ಕೆ ಇಬ್ಬರು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರು ಒಂದೇ ತರಹ ಹೊಟ್ಟೆನೋವು ಅಂತ ಬಂದಿದ್ದಾರೆ. ಒಬ್ಬರದು 400, ಇನ್ನೊಬ್ಬರದು 1. ಕಾರಿನಲ್ಲಿ ಒಬ್ಬರಿಗೇ ಜಾಗ ಇದ್ದರೆ ಯಾರನ್ನು ಕೂರಿಸಬೇಕು ಅಂತ ಈಗ ಗೊತ್ತಾಯಿತು.

ಪಾಸಿಟಿವ್ ಬಂದವರು ಒಂದು ಕೆಲಸ ಮಾಡುತ್ತಾರೆ. ಒಂದು ತಿಂಗಳು ಬಿಟ್ಟು ಇನ್ನೊಂದು ಲ್ಯಾಬಿನಲ್ಲಿ ಮತ್ತೆ ಮಾಡಿಸುತ್ತಾರೆ. ಅದು ನೆಗೆಟಿವ್ ಬರುತ್ತದೆ. ಹಬ್ಬ ಮಾಡುತ್ತಾರೆ. ಗಡ್ಡೆ ದಿನಾ ಒಂದೇ ಸಮ ರಕ್ತ ಒಸರುವುದಿಲ್ಲ ಕಣ್ರೀ. ಇವತ್ತು ಒಸರಿ ನಾಳೆ ಸುಮ್ಮನಿರಬಹುದು. ಒಂದು ಸಲ ಪಾಸಿಟಿವ್ ಬಂದ ಮೇಲೆ ಇನ್ನೊಂದು ನೆಗೆಟಿವ್ ಅದನ್ನು ಅಳಿಸುವುದಿಲ್ಲ.

ಇನ್ನು ಆ 3 ಜನರ ಮಾತು. ನೆಗೆಟಿವ್ ಬಂದ 810ರಲ್ಲಿ 3. ಅಂಕಿ ಚಿಕ್ಕದು, ಆದರೆ ಆ ಮೂವರಲ್ಲಿ ನೀವೇ ಒಬ್ಬರಾದರೆ ಚಿಕ್ಕದಲ್ಲ. ಅದಕ್ಕೇ ನೆಗೆಟಿವ್ ರಿಪೋರ್ಟು ಕೊಟ್ಟು "ಏನಿಲ್ಲ ಹೋಗಿ" ಅನ್ನುವ ಡಾಕ್ಟರನ್ನು ಬಿಡಬೇಡಿ. "ಸರ್, ಇದು ಕಡಿಮೆಯಾಗದಿದ್ದರೆ ಮತ್ತೆ ಯಾವಾಗ ಬರಲಿ?" ಅಂತ ಕೇಳಿ. ತೂಕ ಇಳಿಯುತ್ತಲೇ ಇದ್ದರೆ, ಮೋಷನ್ ಬದಲಾವಣೆ ಹಾಗೇ ಇದ್ದರೆ, ರಕ್ತ ಕಡಿಮೆ ಇದೆ ಅಂತ ಬರುತ್ತಲೇ ಇದ್ದರೆ, ನೆಗೆಟಿವ್ ಇದ್ದರೂ ಮುಂದಿನ ಪರೀಕ್ಷೆ ಬೇಕು. ಇಂಗ್ಲೆಂಡಿನ ಸಲಹೆಯಲ್ಲೂ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ನೆಗೆಟಿವ್ ಅನ್ನುವ ಒಂದೇ ಕಾರಣಕ್ಕೆ ಕಳಿಸದೇ ಇರಬೇಡಿ ಅಂತ.

ಫಿಟ್ ಬೇಡವೇ ಬೇಡ ಅನ್ನುವ ಜನರೂ ಇದ್ದಾರೆ. ಗುದದಲ್ಲಿ ಅಥವಾ ಅದರ ಒಳಗೆ ಗಂಟು ಕೈಗೆ ಸಿಕ್ಕಿದರೆ, ಕಾರಣ ಗೊತ್ತಿಲ್ಲದ ಹುಣ್ಣು ಅಲ್ಲಿ ಇದ್ದರೆ, ಮಲ ಪರೀಕ್ಷೆಗೆ ಕಾಯಬಾರದು. ಸೀದಾ ಸರ್ಜನ್ ಹತ್ತಿರ.

ಗಂಟು ಇದೆ ಅಂತ ಗೊತ್ತಾಗುವುದು ಹೇಗೆ? ಬೆರಳಿನಿಂದ. ಗ್ಲೌಸ್ ಹಾಕಿ, ಜೆಲ್ಲಿ ಹಚ್ಚಿ, ಒಂದು ಬೆರಳು ಒಳಗೆ ಹಾಕಿ ಸುತ್ತ ಮುಟ್ಟಿ ನೋಡುವುದು. ಅರ್ಧ ನಿಮಿಷದ ಕೆಲಸ. ಕರೆಂಟು ಬೇಡ, ಯಂತ್ರ ಬೇಡ. ನಮ್ಮ ದೇಶದಲ್ಲಿ ಕರುಳಿನ ಕೊನೆಯ ಭಾಗದ, ಅಂದರೆ ಗುದನಾಳದ ಕ್ಯಾನ್ಸರಿನ ಪಾಲು ದೊಡ್ಡದು. ಅದರಲ್ಲಿ ಬಹಳಷ್ಟು ಬೆರಳಿಗೆ ಎಟುಕುವ ದೂರದಲ್ಲೇ ಇರುತ್ತದೆ. ಆದರೂ ಈ ಪರೀಕ್ಷೆ ಆಗುವುದೇ ಇಲ್ಲ. ಡಾಕ್ಟರಿಗೆ ಸಮಯ ಇಲ್ಲ, ರೋಗಿಗೆ ನಾಚಿಕೆ, ಹೆಂಗಸರಾದರೆ ಹೇಳುವುದೇ ಬೇಡ. ಸುಲಭಕ್ಕೆ "ಪೈಲ್ಸ್" ಅಂತ ಬರೆದು ಮುಲಾಮು ಕೊಟ್ಟು ಕಳಿಸುವುದು. ನಾನು ಹೇಳುತ್ತೇನೆ, ಕೆಳಗಿನಿಂದ ರಕ್ತ ಹೋಗುತ್ತಿದೆ ಅಂತ ಹೋದಾಗ ಬೆರಳು ಹಾಕಿ ನೋಡದೆ ಪೈಲ್ಸ್ ಅಂದರೆ ಅದು ಊಹೆ, ರೋಗನಿರ್ಣಯ ಅಲ್ಲ. ನೀವೇ ಬಾಯಿ ಬಿಟ್ಟು ಕೇಳಿ. ಹೆಂಗಸರಿಗೆ ಲೇಡಿ ಡಾಕ್ಟರೇ ಬೇಕು ಅಂದರೆ ಹಾಗೆ ಕೇಳಿ, ಇಲ್ಲವೇ ನರ್ಸ್ ಪಕ್ಕದಲ್ಲಿ ನಿಲ್ಲಲಿ ಅಂತ ಕೇಳಿ. ಅದು ನಿಮ್ಮ ಹಕ್ಕು.

ರಸ್ತೆ ಬದಿಯಲ್ಲಿ "ಮೂಲವ್ಯಾಧಿ, ಭಗಂದರ, ಆಪರೇಷನ್ ಇಲ್ಲದೆ ಗುಣ" ಅಂತ ಬೋರ್ಡು ಹಾಕಿರುವವರ ಬಗ್ಗೆ ನಾನು ಜಾಸ್ತಿ ಮಾತಾಡುವುದಿಲ್ಲ. ನಿಮಗೆಲ್ಲಾ ಗೊತ್ತು.

ಇನ್ನು ಯಾರು ಫಿಟ್ ಮಾಡಿಸಬೇಕು? 50 ದಾಟಿದವರಲ್ಲಿ ಕಾರಣ ಗೊತ್ತಿಲ್ಲದೆ ರಕ್ತ ಹೋಗುವುದು, ಹೊಟ್ಟೆನೋವು, ತೂಕ ಇಳಿಯುವುದು, ಇವುಗಳಲ್ಲಿ ಒಂದಿದ್ದರೂ ಸಾಕು. 40 ದಾಟಿದವರಲ್ಲಿ ತೂಕ ಇಳಿಯುವುದರ ಜೊತೆ ಹೊಟ್ಟೆನೋವೂ ಇದ್ದರೆ. 50 ಆಗದವರಲ್ಲಿ ರಕ್ತ ಹೋಗುವುದರ ಜೊತೆ ಹೊಟ್ಟೆನೋವೋ ತೂಕ ಇಳಿಯುವುದೋ ಇದ್ದರೆ. ಮೋಷನ್ ಅಭ್ಯಾಸ ಬದಲಾದರೆ, ಹೊಟ್ಟೆಯಲ್ಲಿ ಗಂಟು ಸಿಕ್ಕಿದರೆ ಯಾವ ವಯಸ್ಸಾದರೂ ಸರಿ. ಇದು ಇಂಗ್ಲೆಂಡಿನ ಪಟ್ಟಿ. ನಮ್ಮ ಡಾಕ್ಟರುಗಳೂ ಹೆಚ್ಚುಕಡಿಮೆ ಹೀಗೇ ಯೋಚಿಸುತ್ತಾರೆ, ಒಂದು ಎಚ್ಚರಿಕೆಯ ಜೊತೆಗೆ. ನಮ್ಮಲ್ಲಿ ಈ ಕ್ಯಾನ್ಸರ್ ಚಿಕ್ಕ ವಯಸ್ಸಿನವರಲ್ಲೂ ಕಾಣುತ್ತದೆ. "ಇನ್ನೂ ಮೂವತ್ತೆಂಟು, ಈ ವಯಸ್ಸಿಗೆ ಎಲ್ಲಿಯ ಕ್ಯಾನ್ಸರ್" ಅನ್ನುವ ಮಾತು ನಡೆಯುವುದಿಲ್ಲ.

ಈ ಪಟ್ಟಿಯಲ್ಲಿ ರಕ್ತಹೀನತೆಯನ್ನು ಬೇಕೆಂದೇ ಬಿಟ್ಟಿದ್ದೆ. ಅದಕ್ಕೆ ನಮ್ಮ ಜಿಲ್ಲೆಯಲ್ಲಿ ಬೇರೆಯೇ ಕತೆ ಇದೆ.

ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ ಬೆಳೆದರೆ ಸಾಮಾನ್ಯವಾಗಿ ರಕ್ತ ಕಾಣುವುದಿಲ್ಲ, ಮೋಷನ್ನೂ ಕಟ್ಟುವುದಿಲ್ಲ. ಅಲ್ಲಿ ಮಲ ಇನ್ನೂ ನೀರಾಗಿರುತ್ತದೆ, ಕರುಳು ಅಗಲವಾಗಿರುತ್ತದೆ. ಮೆಲ್ಲಗೆ, ತಿಂಗಳುಗಟ್ಟಲೆ ಒಸರುತ್ತದೆ. ಹೊರಗೆ ಕಾಣುವುದು ಸುಸ್ತು ಒಂದೇ. 62 ವರ್ಷದ ಬೆಳೆಗಾರರೊಬ್ಬರು ಅಂತಿಟ್ಟುಕೊಳ್ಳಿ. ಹೋದ ವರ್ಷ ಕಣಿವೆ ಇಳಿದು ತೋಟದ ತುದಿ ನೋಡಿ ಬರುತ್ತಿದ್ದರು. ಈ ವರ್ಷ ಅರ್ಧ ದಾರಿಗೇ ಏದುಸಿರು. "ವಯಸ್ಸಾಯ್ತಲ್ಲ" ಅಂತ ಮನೆಯವರು ಅಂದುಕೊಳ್ಳುತ್ತಾರೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8. ಟಾನಿಕ್ ಕೊಡುತ್ತಾರೆ. ಮೂರು ತಿಂಗಳಲ್ಲಿ 9 ಆಗುತ್ತದೆ, ಎಲ್ಲರಿಗೂ ಸಮಾಧಾನ. ರಕ್ತ ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ.

ಇನ್ನೊಂದು ಕಡೆ ಕೊಕ್ಕೆಹುಳು ಇದೆ. ಒದ್ದೆ ಮಣ್ಣು, ನೆರಳು, ಬರಿಗಾಲು. ತೋಟದಲ್ಲಿ ಇವು ಮೂರೂ ಸೇರುತ್ತವೆ. ಈ ಹುಳು ಕಾಲಿನ ಚರ್ಮದಿಂದ ಒಳಗೆ ಹೋಗಿ ಸಣ್ಣ ಕರುಳಿನಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಹಾಗಾಗಿ ಇಲ್ಲಿ ರಕ್ತಹೀನತೆ ಅಂದ ಕೂಡಲೇ ಹುಳದ ಮಾತ್ರೆ ಕೊಡುವುದು ಅಭ್ಯಾಸ. ಕೊಡಲಿ, ತಪ್ಪಿಲ್ಲ. ಮುಟ್ಟು ಆಗುತ್ತಿರುವ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಾರಣ ಮುಟ್ಟಿನ ರಕ್ತವೇ ಆಗಿರುತ್ತದೆ, ಅದೂ ಸರಿ. ಆದರೆ ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಬಂದಿದ್ದರೆ ಹುಳದ ಮಾತ್ರೆಯ ಜೊತೆ ಫಿಟ್ ಕೂಡ ಆಗಬೇಕು. ಫಿಟ್ ನೆಗೆಟಿವ್ ಬಂದರೂ ರಕ್ತ ಎಲ್ಲಿ ಹೋಗುತ್ತಿದೆ ಅನ್ನುವ ಪ್ರಶ್ನೆಗೆ ಉತ್ತರ ಸಿಗುವ ತನಕ ಬಿಡಬಾರದು. ಆಶಾ ಅಕ್ಕಂದಿರಿಗೆ ನನ್ನ ವಿನಂತಿ ಇದೊಂದೇ. ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಹೋದಾಗ ಬಸುರಿ ಬಾಣಂತಿಯರ ಹಿಮೋಗ್ಲೋಬಿನ್ ಹೇಗೂ ಕೇಳುತ್ತೀರಿ. ಐವತ್ತು ದಾಟಿದವರದ್ದೂ ಒಮ್ಮೆ ಕೇಳಿ.

ಈಗ ಮಲ ತೆಗೆಯುವ ವಿಧಾನ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಕಿಟ್ ಜೊತೆ ಬರುವ ಚೀಟಿಯಲ್ಲಿ ಕಮೋಡಿನ ಚಿತ್ರ ಇರುತ್ತದೆ. ನಮ್ಮ ಅರ್ಧ ಜನ ಕೂರುವುದು ಇಂಡಿಯನ್ ಕಕ್ಕಸಿನಲ್ಲಿ. ಮೊದಲು ಮೂತ್ರ ಹೋಗಿ ಮುಗಿಸಿ. ಆಮೇಲೆ ಬೇಸಿನ್ನಿನ ಒಣ ಭಾಗದ ಮೇಲೆ ದಪ್ಪ ಪೇಪರ್ ಅಥವಾ ಪ್ಲಾಸ್ಟಿಕ್ ಕವರ್ ಹಾಸಿ ಅದರ ಮೇಲೆ ಹೋಗಿ. ಮಲಕ್ಕೆ ನೀರು ತಾಗಬಾರದು, ಮೂತ್ರವೂ ತಾಗಬಾರದು. ತೊಳೆದುಕೊಳ್ಳುವುದಕ್ಕೆ ಮುಂಚೆಯೇ ಸ್ಯಾಂಪಲ್ ತೆಗೆಯಿರಿ. ಬಕೆಟ್ಟಿನ ನೀರು ಚಿಮ್ಮಿದರೆ ಕೆಲಸ ಕೆಟ್ಟಿತು.

ಕಿಟ್‌ನ ಮುಚ್ಚಳ ತಿರುಗಿಸಿದರೆ ಅದಕ್ಕೆ ಅಂಟಿಕೊಂಡು ಒಂದು ಕಡ್ಡಿ ಹೊರಗೆ ಬರುತ್ತದೆ. ಅದರ ತುದಿಯಲ್ಲಿ ಸಣ್ಣ ಗೀರುಗಳಿವೆ. ಮಲದ ಮೇಲೆ ಮೂರ್ನಾಲ್ಕು ಕಡೆ ಆ ತುದಿಯನ್ನು ಉಜ್ಜಿ. ಗೀರು ತುಂಬಿದರೆ ಸಾಕು. ಜಾಸ್ತಿ ಹಾಕಿದರೆ ಒಳ್ಳೆಯದು ಅಂತ ಕೆಲವರು ಗೋಪುರ ಕಟ್ಟುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಒಂದು ಕಿಟ್‌ಗೆ ಬೇಕಾದದ್ದು ಬರೀ 10 ಮಿಲಿಗ್ರಾಂ ಮಲ, 2 ಮಿಲಿಲೀಟರ್ ದ್ರವಕ್ಕೆ. ಜಾಸ್ತಿ ಆದರೆ ಲೆಕ್ಕವೇ ತಪ್ಪುತ್ತದೆ. ಕಡ್ಡಿಯನ್ನು ವಾಪಸ್ ಕೊಳವೆಗೆ ಹಾಕಿ, ಟಕ್ ಅನ್ನುವ ತನಕ ಒತ್ತಿ. ತಾರೀಖು ಬರೆಯಿರಿ. ಮುಟ್ಟಿನ ದಿನಗಳಲ್ಲಿ ಬೇಡ. ಆಮಶಂಕೆ ಆಗಿ ರಕ್ತ ಭೇದಿ ಹೋಗುತ್ತಿರುವಾಗಲೂ ಬೇಡ, ಮೊದಲು ಅದಕ್ಕೆ ಔಷಧ ತಗೊಳ್ಳಿ. ಆಸ್ಪಿರಿನ್, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಪರೀಕ್ಷೆಗಾಗಿ ಅದನ್ನು ನಿಲ್ಲಿಸಬೇಡಿ.

ಕೊಳವೆಯೊಳಗಿನ ದ್ರವ ಹಿಮೋಗ್ಲೋಬಿನ್ ಕೆಡದ ಹಾಗೆ ಕಾಪಾಡುತ್ತದೆ. ಆದರೆ ಬಿಸಿಗೆ ಅದೂ ಸೋಲುತ್ತದೆ. ಇಟಲಿಯ ಫ್ಲಾರೆನ್ಸ್ ಕಡೆ ಸಾವಿರಾರು ಪರೀಕ್ಷೆಗಳನ್ನು ನೋಡಿದಾಗ ಬೇಸಿಗೆಯಲ್ಲಿ ಸಂಖ್ಯೆಗಳು ಕೆಳಗಿಳಿದಿದ್ದವು. ಜನರ ಕರುಳು ಬೇಸಿಗೆಯಲ್ಲಿ ಸುಧಾರಿಸಿತು ಅಂತಲ್ಲ, ಲ್ಯಾಬಿಗೆ ತಲುಪುವುದರೊಳಗೆ ಬಿಸಿಗೆ ಹಿಮೋಗ್ಲೋಬಿನ್ ಕೆಟ್ಟಿತು. ಮಡಿಕೇರಿಯ ಚಳಿಯಲ್ಲಿ ಏನೂ ಆಗುವುದಿಲ್ಲ ಅಂದುಕೊಳ್ಳಬೇಡಿ. ಏಪ್ರಿಲ್‌ನಲ್ಲಿ ಕುಶಾಲನಗರದ ಬಿಸಿಲಿಗೆ ನಿಲ್ಲಿಸಿದ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಕಿಟ್ ಇಟ್ಟರೆ ಮುಗಿಯಿತು. ತೆಗೆದ ದಿನವೇ ಅಥವಾ ಮರುದಿನ ತಲುಪಿಸಿ. ತಡವಾಗುವುದಾದರೆ ಕವರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಮನೆಯವರಿಗೆ ಹೇಳಿ ಇಡಿ, ಅಷ್ಟೇ.

ಇನ್ನೊಂದು ಗೊಂದಲ ಲ್ಯಾಬಿನದ್ದು. "ಸ್ಟೂಲ್ ಅಕಲ್ಟ್ ಬ್ಲಡ್" ಅಂತ ಬರೆದು ಕೊಟ್ಟರೆ ಒಂದೊಂದು ಕಡೆ ಒಂದೊಂದು ಪರೀಕ್ಷೆ ಮಾಡುತ್ತಾರೆ. ಕೆಲವು ಕಡೆ ಇನ್ನೂ ಹಳೆಯ ಬಣ್ಣದ ಪರೀಕ್ಷೆ. ಕೆಲವು ಕಡೆ ಬಸುರಿ ಪರೀಕ್ಷೆಯ ಹಾಗೆ ಗೆರೆ ಬರುವ ಕಾರ್ಡು. ಕಾರ್ಡು ಮನುಷ್ಯರ ರಕ್ತವನ್ನೇ ಹುಡುಕುತ್ತದೆ, ನಿಜ, ಆದರೆ ಪಾಸಿಟಿವ್ ಅಥವಾ ನೆಗೆಟಿವ್ ಅಂತ ಮಾತ್ರ ಹೇಳುತ್ತದೆ. ಎಷ್ಟು ಇದ್ದರೆ ಗೆರೆ ಬರುತ್ತದೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಹಾಗಿರುವಾಗ ನಾನು ಈಗ ಹೇಳಿದ 10ರ ಲೆಕ್ಕವನ್ನು ಆ ಕಾರ್ಡಿಗೆ ಹಚ್ಚುವುದು ತಪ್ಪು. ಕಾರ್ಡು ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿಗೆ ಹೋಗಿ. ನೆಗೆಟಿವ್ ಬಂದರೆ ಅದರ ಮೇಲೆ ಜಾಸ್ತಿ ಭಾರ ಹಾಕಬೇಡಿ. ಮಾಡಿಸುವ ಮುಂಚೆ ಲ್ಯಾಬಿನಲ್ಲಿ "ಸಂಖ್ಯೆ ಕೊಡ್ತೀರಾ" ಅಂತ ಒಂದು ಮಾತು ಕೇಳಿ. ಸಂಖ್ಯೆ ಕೊಡುವ ಫಿಟ್ ಬೇಕು ಅಂದರೆ ಸ್ಯಾಂಪಲನ್ನು ದೊಡ್ಡ ಲ್ಯಾಬಿಗೆ ಕಳಿಸಬೇಕಾಗಬಹುದು. ಮನುಷ್ಯ ಹೋಗುವುದಕ್ಕಿಂತ ಕೊಳವೆ ಹೋಗುವುದು ಸುಲಭ.

ಪಾಸಿಟಿವ್ ಬಂದ ಮೇಲೆ ಕಾಯುವ ಮಾತು. ಡಿಸೆಂಬರಿನಲ್ಲಿ ಪಾಸಿಟಿವ್ ಬಂದರೆ ನಮ್ಮವರ ಉತ್ತರ ಒಂದೇ, "ಕೊಯ್ಲು ಮುಗೀಲಿ." ಹುತ್ತರಿ ಆಗಲಿ, ಅರೇಬಿಕಾ ಮುಗಿಯಲಿ, ರೊಬಸ್ಟಾ ಮುಗಿಯಲಿ, ಕಾಳುಮೆಣಸು ಮುಗಿಯಲಿ. ಅಷ್ಟರಲ್ಲಿ ಏಪ್ರಿಲ್. ಲೈನ್ ಮನೆಯ ಅಕ್ಕನಿಗಂತೂ ಕೊಯ್ಲಿನ ದಿನಗಳೇ ವರ್ಷದ ದುಡಿಮೆ, ಅವಳನ್ನು ಬೈಯುವ ಹಾಗಿಲ್ಲ. ಮಾಲೀಕರು ಇಲ್ಲಿ ಕೂತಿದ್ದೀರಿ, ನಿಮಗೇ ಹೇಳುತ್ತೇನೆ. ಎರಡು ದಿನದ ಕೂಲಿ ಕೊಟ್ಟು ಜೀಪಿನಲ್ಲಿ ಕಳಿಸಿಕೊಡಿ. ಇಂಗ್ಲೆಂಡಿನಲ್ಲಿ ಡಾಕ್ಟರು ಕಳಿಸಿದ 28 ದಿನದೊಳಗೆ ಕ್ಯಾನ್ಸರ್ ಇದೆಯೋ ಇಲ್ಲವೋ ಅಂತ ಹೇಳಬೇಕು ಅನ್ನುವ ಗುರಿ ಇಟ್ಟುಕೊಂಡಿದ್ದಾರೆ. ನಾವೂ ವಾರಗಳ ಲೆಕ್ಕದಲ್ಲೇ ಯೋಚಿಸಬೇಕು. ಬಿಪಿಎಲ್ ಕಾರ್ಡು ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಸರ್ಕಾರಿ ಆಸ್ಪತ್ರೆಯಲ್ಲೇ ವಿಚಾರಿಸಿ, ರೆಫರಲ್ ಪತ್ರ ತಗೊಂಡು ಹೊರಡಿ. ಪತ್ರ ಇಲ್ಲದೆ ಅಲ್ಲಿಗೆ ಹೋಗಿ, ಅದಕ್ಕಾಗಿ ಮತ್ತೆ ಇಲ್ಲಿಗೆ ಬಂದವರಿದ್ದಾರೆ.

ಮುಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ. "ನನಗೆ ಯಾವ ತೊಂದರೆಯೂ ಇಲ್ಲ, ವಯಸ್ಸು 55, ನಾನೂ ಮಾಡಿಸಬಹುದಾ? ಒಂದು ಸಲ ನೆಗೆಟಿವ್ ಬಂದರೆ ಎಷ್ಟು ವರ್ಷ ನಿಶ್ಚಿಂತೆ?" ಒಳ್ಳೆಯ ಪ್ರಶ್ನೆ. ಇವು ಎರಡು ಬೇರೆ ವಿಷಯ.

ತೊಂದರೆ ಇಲ್ಲದವರಿಗೆ ಮಾಡುವುದು ಸ್ಕ್ರೀನಿಂಗ್. ಜಪಾನಿನಲ್ಲಿ 1992ರಿಂದ 40 ದಾಟಿದವರಿಗೆ ವರ್ಷವೂ ಮಾಡುತ್ತಾರೆ. ಸ್ಕಾಟ್ಲೆಂಡ್ 2017ರಲ್ಲಿ, ಇಂಗ್ಲೆಂಡ್ 2019ರಲ್ಲಿ ಹಳೆಯ ಕಾಗದ ಬಿಟ್ಟು ಫಿಟ್ ತಂದವು, ಎರಡು ವರ್ಷಕ್ಕೊಮ್ಮೆ. ಅಲ್ಲಿ ಗೆರೆ 10 ಅಲ್ಲ. ಸ್ಕಾಟ್ಲೆಂಡಿನಲ್ಲಿ 80 ಇಟ್ಟರು, ಇಂಗ್ಲೆಂಡಿನಲ್ಲಿ 120. ತೊಂದರೆ ಇಲ್ಲದ ಲಕ್ಷಾಂತರ ಜನರಿಗೆ 10ರ ಗೆರೆ ಹಾಕಿದರೆ ಕೊಲೊನೋಸ್ಕೋಪಿಯ ಕ್ಯೂ ಎಲ್ಲಿ ನಿಲ್ಲುತ್ತದೆ ಅಂತ ಯೋಚಿಸಿ. ನಮ್ಮ ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳು ಈ ಮೂರು ಕ್ಯಾನ್ಸರಿಗೆ ತಪಾಸಣೆ ಇದೆ, ಕರುಳಿನದ್ದು ಇಲ್ಲ. ಕಾಯಿಲೆ ಕಡಿಮೆ ಇರುವಲ್ಲಿ ಇರುವ ದುಡ್ಡನ್ನು ಹೆಚ್ಚು ಇರುವ ಕಾಯಿಲೆಗೆ ಹಾಕುವುದು ಸರಿ ಅಂತಲೇ ನನಗೂ ಅನ್ನಿಸುತ್ತದೆ. ಚೀಟಿ ಬರೆದವರಿಗೆ ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ ಮಾತು ಬೇರೆ. ಆಗ ಫಿಟ್ ಬಿಟ್ಟು ಡಾಕ್ಟರ ಹತ್ತಿರ ನೇರವಾಗಿ ಕೊಲೊನೋಸ್ಕೋಪಿಯ ಬಗ್ಗೆ ಮಾತಾಡಿ. ಯಾರಿಗೂ ಬಂದಿಲ್ಲ ಅಂದರೆ, ಮಾಡಿಸುವ ಮನಸ್ಸಿದ್ದರೆ ಮಾಡಿಸಿ. ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿಗೆ ಹೋಗುತ್ತೇನೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದರೆ ಮಾತ್ರ.

ತೊಂದರೆ ಇದ್ದು ನೆಗೆಟಿವ್ ಬಂದವರಿಗೆ ನಿಶ್ಚಿಂತೆಯ ವರ್ಷ ಅಂತ ಯಾವುದೂ ಇಲ್ಲ. ನಾಲ್ಕರಿಂದ ಆರು ವಾರದಲ್ಲಿ ತೊಂದರೆ ಹೋಗದಿದ್ದರೆ ಅದೇ ರಿಪೋರ್ಟು ಕೈಯಲ್ಲಿ ಹಿಡಿದುಕೊಂಡು ವಾಪಸ್ ಬನ್ನಿ. ಮತ್ತೆ ತೂಕ ನೋಡುತ್ತೇವೆ, ಹಿಮೋಗ್ಲೋಬಿನ್ ನೋಡುತ್ತೇವೆ, ಬೆರಳು ಹಾಕಿ ನೋಡಿಲ್ಲದಿದ್ದರೆ ಅದನ್ನೂ ನೋಡುತ್ತೇವೆ, ಬೇಕಾದರೆ ಇನ್ನೊಂದು ಫಿಟ್ ಮಾಡುತ್ತೇವೆ. ಈ ಎರಡನೇ ಸಲ ಬರುವಾಗ ಹೊಸ ಡಾಕ್ಟರನ್ನು ಹುಡುಕಿಕೊಂಡು ಹೋಗಬೇಡಿ. ಅವರು ಮತ್ತೆ ಮೊದಲಿನಿಂದ ಗ್ಯಾಸ್ ಮಾತ್ರೆಯಲ್ಲೇ ಶುರು ಮಾಡುತ್ತಾರೆ.